ಹಸಿರು ದೀಪದ ಹೆಣ

“ಆ ಪೆಟ್ಟಿಗೆ ಮುಚ್ಬೇಡಿ!”

ಸುತ್ತಿಗೆ ಎತ್ತಿದ್ದ ಸ್ಟೋರ್ ಸಾರ್ಜೆಂಟನ ಕೈ ಹಾಗೇ ನಿಂತಿತು. ತುಟಿಗಳ ನಡುವೆ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಬಾಗಿಲ ಕಡೆ ತಿರುಗಿದ. ಹಿಮ ಮೆತ್ತಿದ ಬೂಟುಗಳನ್ನು ಹೊಸ್ತಿಲಿಗೆ ಕುಟ್ಟುತ್ತಾ ಮಿಲಿಟರಿ ಪೊಲೀಸ್ ಮೇಜರ್ ಒಳಗೆ ಬಂದಳು. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ.

“ಕರ್ನಲ್ ಸಾಹೇಬ್ರ ಆರ್ಡರು, ಮೇಡಂ. ಮಧ್ಯಾಹ್ನದೊಳಗೆ ವೆಸ್ಟುಗಳೆಲ್ಲಾ ಹೊಸ ತಂಡದ ಕೈ ಸೇರ್ಬೇಕು. ಅವರಾಗ್ಲೇ ವಿಮಾನ ಇಳಿದು ಬಿಸಿನೀರಿಗೆ ಕಿತ್ತಾಡ್ತಿದ್ದಾರೆ.”

“ಕಿತ್ತಾಡ್ಲಿ. ನಂಗೊಂದು ಬ್ಯಾಟರಿ ಕೊಡಿ. ಆಮೇಲೆ ಎಷ್ಟು ಮೊಳೆ ಬೇಕಾದ್ರೂ ಹೊಡ್ಕೊಳ್ಳಿ.”

ಶಿಬಿರದಲ್ಲಿ ಸಾರ್ಜೆಂಟನಿಗೆ ಬೀಗ ಎಂದೇ ಹೆಸರು. ಕೊಟ್ಟ ಸಾಮಾನು ತಿರುಗಿ ಬರುವ ತನಕ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬ್ಯಾಟರಿಯೊಂದನ್ನು ಕೊಡುವಾಗಲೂ ಸ್ವಂತ ಹಲ್ಲು ಕಿತ್ತುಕೊಡುವವನ ಮುಖ ಮಾಡಿದ.

ಮೇಜರ್ ಚೀಲದ ಸೀಲು ಒಡೆದಳು. ಮೊನ್ನೆ ಅದನ್ನು ಹಾಕಿದ್ದವಳೂ ಅವಳೇ. ಒಳಗಿದ್ದದ್ದು ಸತ್ತ ಹುಡುಗನ ಲೇಸರ್ ವೆಸ್ಟು.

ಮೊನ್ನೆ, ತರಬೇತಿಯ ಕೊನೆಯ ಅಣಕು ಯುದ್ಧದಲ್ಲಿ, ‘ಸತ್ತ’ ಸೈನಿಕರು ಕೂತು ಕಾಯುವ ಹಳೇ ಕುರಿದೊಡ್ಡಿಯಲ್ಲಿ ಈ ಹುಡುಗ ನಿಜವಾಗಿಯೂ ಸತ್ತು ಕೂತಿದ್ದ. ರೇಡಿಯೋ ಆಪರೇಟರ್. ಕಾಲು ಉದ್ದ, ಕುತ್ತಿಗೆ ಇನ್ನೂ ಉದ್ದ ಎಂದು ಜೊತೆಯವರು ಕೊಕ್ಕರೆ ಅನ್ನುತ್ತಿದ್ದರು. ಚಳಿಗೆ ಹೆಪ್ಪುಗಟ್ಟಿ ಸತ್ತ ಅಂದರು ಡಾಕ್ಟರು. ಇವತ್ತಿನ ವಿಮಾನದಲ್ಲಿ ಹೆಣವೂ ಹೋಗುತ್ತದೆ, ಸಾಕ್ಷಿಗಳೂ ಹೋಗುತ್ತಾರೆ, ಕೇಸೂ ಹೋಗುತ್ತದೆ.

ಹೋಗಬೇಕಾದರೆ ಮೇಜರ್ ಸಹಿ ಹಾಕಬೇಕು. ಅವಳಿನ್ನೂ ಹಾಕಿರಲಿಲ್ಲ.

ಬ್ಯಾಟರಿಯನ್ನು ವೆಸ್ಟಿನ ಪಕ್ಕೆಯ ಡಬ್ಬಿಗೆ ತುರುಕಿ ಮುಚ್ಚಳ ಅದುಮಿದಳು. ‘ಕಿರ್‌’ ಎಂದು ಒಮ್ಮೆ ಸದ್ದು ಮಾಡಿ ಎದೆಯ ಮೇಲಿನ ಪುಟ್ಟ ದೀಪ ಹೊತ್ತಿಕೊಂಡಿತು.

ಹಸಿರು.

ಬೀಗ ಬಗ್ಗಿ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

“ಇದು... ಯಾರೋ ವಾಪಸ್ ಹಸಿರು ಮಾಡಿರ್ಬೇಕು, ಮೇಡಂ.”

“ಯಾರು? ಹೆಣದ ಮೈಮೇಲಿಂದ ಬಿಚ್ಚಿದವಳು ನಾನು. ಹಿಮ ಮೆತ್ತಿ ದೀಪದ ಬಣ್ಣ ಕಾಣ್ತಿರ್ಲಿಲ್ಲ. ಬ್ಯಾಟರಿಯನ್ನ ನನ್ನೆದುರಿಗೇ ಡಾಕ್ಟರು ತೆಗೆದಿಟ್ರು. ಅವತ್ತಿಂದ ಚೀಲ ನನ್ನ ತಲೆದಿಂಬಿನ ಕೆಳಗಿದೆ.”

ಪರದೇಶದ ಆ ತರಬೇತಿ ಬಯಲಿಗೆ ಕಾಲಿಟ್ಟವರಿಗೆಲ್ಲ ಮೊದಲ ದಿನವೇ ತಲೆಗೆ ತುಂಬುವ ಪಾಠ ಇದು. ಬಂದೂಕಿನಿಂದ ಗುಂಡಿನ ಬದಲು ಬೆಳಕಿನ ಗೆರೆ ಹೊರಡುತ್ತದೆ. ಅದು ತಾಗಿದರೆ ಎದೆಯ ಹಸಿರು ದೀಪ ಕೆಂಪಾಗಿ ವೆಸ್ಟು ಕೂಗಿಕೊಳ್ಳುತ್ತದೆ. ಅಲ್ಲಿಗೆ ನೀನು ಸತ್ತೆ. ಹೆಲ್ಮೆಟ್ ತೆಗೆದು ಕುರಿದೊಡ್ಡಿಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂರು. ಅಂಪೈರು ಬಂದು ತನ್ನ ಕೀಲಿ ತಿರುಗಿಸಿ ವೆಸ್ಟನ್ನು ಮತ್ತೆ ಹಸಿರು ಮಾಡುವ ತನಕ ನಿನಗೆ ಪುನರ್ಜನ್ಮವಿಲ್ಲ. ಬ್ಯಾಟರಿ ಕಿತ್ತು ಹಾಕಿದರೂ ವೆಸ್ಟು ತನ್ನ ಕೊನೆಯ ಬಣ್ಣ ಮರೆಯುವುದಿಲ್ಲ.

ಕೊಕ್ಕರೆಯ ವೆಸ್ಟು ಹಸಿರೇ ಇತ್ತು. ಆಟದಲ್ಲಿ ಅವನನ್ನು ಯಾರೂ ಕೊಂದಿರಲಿಲ್ಲ.

“ಹಂಗಾದ್ರೆ ಅವನು ಸತ್ತವರ ದೊಡ್ಡಿಗೆ ಯಾಕೆ ಹೋದ?” ಬೀಗನ ದನಿ ಇಳಿಯಿತು.

“ಹೋಗ್ಲಿಲ್ಲ,” ಅಂದಳು ಮೇಜರ್. “ಯಾರೋ ಹೊತ್ಕೊಂಡು ಹೋದ್ರು.”

ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಎಂಥಾ ಜಾಗ ಹುಡುಕಿದ್ದಾರೆ! ಅಣಕು ಯುದ್ಧದಲ್ಲಿ ಸತ್ತವರನ್ನು, ಗಾಯಗೊಂಡವರನ್ನು ಸ್ಟ್ರೆಚರಿನಲ್ಲಿ ಹೊತ್ತು ತರುವುದೂ ತರಬೇತಿಯೇ. ಬಿಳಿ ಹಿಮದ ಕೋಟು, ಮೂಗಿನ ತನಕ ಮುಸುಕು, ಕಣ್ಣಿಗೆ ಗಾಗಲ್. ಹೊತ್ತವರು ಯಾರು, ಮಲಗಿದವರು ಯಾರು ಎಂದು ಹೆತ್ತ ತಾಯಿಗೂ ಗುರುತು ಸಿಗದು. ಹಾಡಹಗಲೇ ನಿಜವಾದ ಹೆಣ ಹೊತ್ತು ನಡೆದರೂ ಒಬ್ಬನೂ ತಿರುಗಿ ನೋಡದ ಜಾಗ.

“ಈ ದೀಪದ ವಿಷ್ಯ ನಿಮ್ಮ ಹೊಟ್ಟೇಲಿರ್ಲಿ,” ಎಂದು ಚೀಲ ಎತ್ತಿಕೊಂಡಳು.

“ನಾನು ಬೀಗ, ಮೇಡಂ,” ಅಂದ ಸಾರ್ಜೆಂಟ್. ತಮಾಷೆಗೆ ಹೇಳಿದ್ದಲ್ಲ.

*

ಸ್ಟೋರ್ ಶೆಡ್ಡಿನ ಹೊರಗೆ ಗಾಳಿ ಕೆನ್ನೆಗೆ ಹೊಡೆಯುತ್ತಿತ್ತು. ದೂರದಲ್ಲಿ ವಿಮಾನ ಹೊಟ್ಟೆ ತೆರೆದುಕೊಂಡು ನಿಂತಿತ್ತು. ಒಂದು ಕಡೆಯಿಂದ ಹೊಸಬರ ಸಾಮಾನು ಇಳಿಯುತ್ತಿತ್ತು, ಇನ್ನೊಂದು ಕಡೆ ಹಳಬರು ಗಂಟುಮೂಟೆ ಹೊತ್ತು ಸಾಲಾಗುತ್ತಿದ್ದರು. ಊರಿಗೆ ಹೋಗುವವರ ಮುಖದಲ್ಲಿ ನಗು. ಹೊಸಬರ ಮುಖದಲ್ಲಿ ಮೂಗು ಮಾತ್ರ ಕೆಂಪಗೆ ಕಾಣುತ್ತಿತ್ತು.

ಅವಳ ಫೋನು ಗುಂಯ್‌ಗುಟ್ಟಿತು. ಕೊಕ್ಕರೆಯ ಅಕ್ಕ.

“ಮೇಡಂ, ತೊಂದ್ರೆ ಕೊಡ್ತಿದ್ದೀನಾ?”

“ಇಲ್ಲಮ್ಮಾ, ಹೇಳಿ.”

“ಅವನು ಯಾವಾಗ ಬರ್ತಾನೆ ಅಂತ ಅಮ್ಮ ಕೇಳ್ತಿದ್ದಾಳೆ.” ಉಸಿರೆಳೆದುಕೊಳ್ಳುವ ಸದ್ದು. “ಇನ್ನೊಂದು ವಿಷ್ಯ. ಹೇಳ್ಬಹುದೋ ಇಲ್ವೋ... ಅವನ್ನ ಕಳಿಸುವಾಗ ಆ ನೀಲಿ ಸ್ವೆಟರ್ ಹಾಕಿಸಿಯೇ ಕಳಿಸ್ತೀರಾ? ಅಮ್ಮ ಹೆಣೆದಿದ್ದು. ಅಲ್ಲಿ ಚಳಿ ಅಂತ ಹಗಲೂ ರಾತ್ರಿ ಕೂತು ಹೆಣೆದ್ಳು. ತೋಳು ಉದ್ದ ಆಯ್ತು ಅಂತ ಇವನು ರೇಗಿಸ್ತಿದ್ದ. ಆದ್ರೂ ಮೈಮೇಲಿಂದ ತೆಗೆದವನಲ್ಲ. ವಿಡಿಯೋದಲ್ಲಿ ಕಂಡಾಗೆಲ್ಲ ಅದೇ ಇರ್ತಿತ್ತು, ಯೂನಿಫಾರ್ಮ್ ಒಳಗೆ.”

ಮೇಜರ್ ನಡೆಯುತ್ತಿದ್ದವಳು ನಿಂತಳು.

ಮೊನ್ನೆ ಹೆಣದ ಕೋಟು ಬಿಚ್ಚಿದಾಗ ಒಳಗೆ ತೆಳು ಅಂಗಿಯೊಂದೇ ಇತ್ತು. ಬಟ್ಟೆ ಸಾಲದೆ ಚಳಿ ಹಿಡಿಯಿತು ಎಂದು ಡಾಕ್ಟರ್ ಅಂದಿದ್ದರು. ಅವಳೂ ತಲೆಯಾಡಿಸಿದ್ದಳು. ಹುಡುಗನ ಸಾಮಾನಿನ ಪೆಟ್ಟಿಗೆಯಲ್ಲೂ ನೀಲಿ ಬಣ್ಣದ್ದೇನೂ ಕಂಡ ನೆನಪಿಲ್ಲ.

“ಕಳಿಸ್ತೀನಿ,” ಅಂದಳು. “ಅದನ್ನ ಹುಡುಕಿ, ಹಾಕಿಸೇ ಕಳಿಸ್ತೀನಿ. ನನ್ನ ಮಾತು ಅಂತ ಅಮ್ಮನಿಗೆ ಹೇಳಿ.”

ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿಯಲ್ಲಿ ಯಾವನು ಸ್ವೆಟರ್ ಬಿಚ್ಚುತ್ತಾನೆ? ಬೆಚ್ಚಗಿನ ಜಾಗದಲ್ಲಿ ಕೂತವನು.

*

ತರಕಾರಿ ಇಡುವ ಕಂಟೇನರನ್ನು ಖಾಲಿ ಮಾಡಿ ಹೆಣಕ್ಕೆ ಬಿಟ್ಟಿದ್ದರು. ಬಾಗಿಲಲ್ಲೇ ಡಾಕ್ಟರ್ ಸಿಕ್ಕಿದರು. ಶವಪೆಟ್ಟಿಗೆಯ ತಿರುಪು ಬಿಗಿಸುವುದನ್ನು ನೋಡಿಕೊಳ್ಳುತ್ತಿದ್ದರು. ಎಳೆಯ ವಯಸ್ಸು, ಗಡ್ಡ ಬಿಡಲು ಹೊರಟು ಅರ್ಧದಲ್ಲೇ ಸೋತ ಮುಖ.

“ಡಾಕ್ಟ್ರೇ, ಹೆಣದ ಮೈಮೇಲಿನ ಕಲೆಗಳು ಗುಲಾಬಿ ಬಣ್ಣಕ್ಕಿದ್ವು, ಅಲ್ವಾ?”

“ಚಳಿಗೆ ಸತ್ತವರ ಮೈ ಹಾಗೇ ಆಗುತ್ತೆ ಮೇಡಂ. ಆವತ್ತೇ ಹೇಳಿದ್ನಲ್ಲ.”

“ಬೇರೆ ಯಾವುದಕ್ಕೂ ಆಗಲ್ವಾ?”

ಡಾಕ್ಟರ್ ತಿರುಪಿನ ಕಡೆ ನೋಡಿದರು.

“ಹೀಟರಿನ ವಿಷಗಾಳಿ ಕುಡಿದು ಸತ್ರೂ ಆಗುತ್ತಂತೆ. ನೀವು ಓದಿಲ್ವಾ?”

“ಓದಿದ್ದೀನಿ,” ಅಂದರು ಡಾಕ್ಟರ್, ಗಂಟಲು ಸರಿಮಾಡಿಕೊಂಡು. “ಆದರೆ ಬಯಲಲ್ಲಿ ಕೂತವನಿಗೆ ವಿಷಗಾಳಿ ಎಲ್ಲಿಂದ?”

“ಅದನ್ನೇ ನಾನೂ ಕೇಳ್ತಿರೋದು. ಬೆಳಿಗ್ಗೆ ನಿಮ್ಮ ಕೈಲೇ ರಕ್ತ ತೆಗೆಸಿದ್ದು ಯಾಕೆ ಅಂದ್ಕೊಂಡ್ರಿ? ದುಭಾಷಿ ಅದನ್ನ ಪಟ್ಟಣದ ಆಸ್ಪತ್ರೆಗೆ ತಗೊಂಡು ಹೋಗಿದ್ದಾಳೆ. ಇನ್ನೇನು ಬಂದ್ಲು.”

ಡಾಕ್ಟರ ಕೈಯಿಂದ ತಿರುಪು ಜಾರಿ ಹಿಮದಲ್ಲಿ ಹೂತುಹೋಯಿತು. ಹುಡುಕಲು ಅವರು ಬಗ್ಗಲೇ ಇಲ್ಲ.

“ಕರ್ನಲ್ ಸಾಹೇಬ್ರಿಗೆ ಗೊತ್ತಾ, ರಕ್ತ ಹೊರಗೆ ಹೋಗಿದ್ದು?”

“ಈಗ ಹೇಳೋಕೆ ಹೊರಟಿದ್ದೀನಿ,” ಅಂದಳು ಮೇಜರ್. “ಪೆಟ್ಟಿಗೆ ಮುಚ್ಬೇಡಿ. ಹುಡುಗನಿಗೆ ಸ್ವೆಟರ್ ಹಾಕೋದಿದೆ.”

*

ಇಡೀ ಬಯಲಿಗೆ ಬೆಚ್ಚಗಿನ ಜಾಗ ಒಂದೇ. ಕರ್ನಲ್ ಕೂರುವ ಕಮಾಂಡ್ ಡೇರೆ. ರೇಡಿಯೋಗಳಿಗೆ ಶೀತ ಆಗಬಾರದೆಂದು ಅಲ್ಲಿ ದೊಡ್ಡ ಡೀಸೆಲ್ ಹೀಟರ್ ಇಟ್ಟಿದ್ದರು.

ಕರ್ನಲ್ ನಕ್ಷೆಯ ಮೇಜಿನ ಮುಂದೆ ನಿಂತಿದ್ದರು. ಅವಳನ್ನು ಕಂಡವರೇ ಒಳಗಿದ್ದ ಇಬ್ಬರನ್ನು ಹೊರಗೆ ಕಳಿಸಿದರು. ಪರದೆ ಬಿದ್ದ ಮೇಲೆ ಅವರ ದನಿ ಬದಲಾಯಿತು.

“ಬಾ ಪುಟ್ಟಿ. ಸಹಿ ಆಯ್ತಾ?”

ಮನೆಯ ಹೆಸರು ಅದು. ಅವಳ ಅಕ್ಕನನ್ನು ಮದುವೆಯಾದವರು ಈ ಕರ್ನಲ್. ಅವಳು ಜಡೆ ಹಾಕಿಕೊಂಡು ಶಾಲೆಗೆ ಹೋಗುವಾಗಲೇ ಭಾವನಾಗಿ ಮನೆಗೆ ಬಂದು, ಸೈಕಲ್ ಕಲಿಸಿ, ಮುಂದೆ ಸೈನ್ಯಕ್ಕೆ ಸೇರು ಎಂದು ಅಪ್ಪನೊಡನೆ ಜಗಳ ಕಾದವರು. ಈ ಸಂಬಂಧ ಇದೆ, ತನಿಖೆಗೆ ಬೇರೆಯವರನ್ನು ಕಳಿಸಿ ಎಂದು ಅವಳು ಅವತ್ತೇ ಪ್ರಧಾನ ಕಚೇರಿಗೆ ಹೇಳಿದ್ದಳು. ಸಮುದ್ರದಾಚೆ ಇರುವ ಪೊಲೀಸ್ ಅಧಿಕಾರಿ ನೀನೊಬ್ಬಳೇ, ನೀನೇ ಮಾಡು ಎಂದು ಅಲ್ಲಿಂದ ಉತ್ತರ ಬಂದಿತ್ತು.

“ಸಹಿ ಹಾಕಲ್ಲ, ಸರ್.”

“ಸರ್ ಅಂತೀಯಾ? ಹಾಗಾದ್ರೆ ಏನೋ ಗ್ರಹಚಾರ ಕಾದಿದೆ,” ಎಂದು ಕರ್ನಲ್ ನಕ್ಕರು.

ಮೇಜರ್ ನಗಲಿಲ್ಲ. ಅವಳ ಕಣ್ಣು ಅವರನ್ನು ದಾಟಿ ಹಿಂದಕ್ಕೆ ಹೋಗಿತ್ತು. ರೇಡಿಯೋ ಮುಂದಿನ ಮಡಚುವ ಕುರ್ಚಿ. ಅದರ ಬೆನ್ನಿಗೆ ನೇತುಬಿದ್ದ ನೀಲಿ ಸ್ವೆಟರ್. ತೋಳುಗಳು ನೆಲ ಮುಟ್ಟುವಷ್ಟು ಉದ್ದ.

ಮೊನ್ನೆಯಿಂದ ಎಷ್ಟು ಜನ ಆ ಡೇರೆಗೆ ಬಂದು ಹೋಗಿರಬೇಕು! ಸ್ವೆಟರನ್ನು ಬಚ್ಚಿಟ್ಟಿರಲೂ ಇಲ್ಲ. ಕುರ್ಚಿಯ ಭಾಗವೇ ಎಂಬಂತೆ ಎಲ್ಲರ ಕಣ್ಣಿಗೂ ರೂಢಿಯಾಗಿಬಿಟ್ಟಿತ್ತು.

ಅವಳು ಹೋಗಿ ಅದನ್ನು ಎತ್ತಿಕೊಂಡಳು. ಮಡಚಿ ಎದೆಗೆ ಅವಚಿಕೊಂಡಳು.

“ಇವನು ಬಯಲಲ್ಲಿ ಸಾಯ್ಲಿಲ್ಲ, ಭಾವ. ಈ ಕುರ್ಚೀಲಿ ಸತ್ತ.”

ಕರ್ನಲ್ ನಕ್ಷೆಯ ಅಂಚು ಮಡಚಿದರು.

“ನೀವು ಎಲ್ಲಾ ಅಚ್ಚುಕಟ್ಟಾಗೇ ಮಾಡಿದ್ರಿ. ಕೋಟು ಹಾಕಿದ್ರಿ, ಹೆಲ್ಮೆಟ್ ತೆಗೆದ್ರಿ, ಸ್ಟ್ರೆಚರಲ್ಲಿ ಹೊತ್ಕೊಂಡು ಹೋಗಿ ಗೋಡೆಗೆ ಒರಗಿಸಿದ್ರಿ. ಅವನನ್ನ ಕೊಲ್ಲೋದೊಂದು ಮರೆತ್ರಿ. ವೆಸ್ಟಿನ ದೀಪ ಇನ್ನೂ ಹಸಿರು.”

ಕರ್ನಲ್ ಕುರ್ಚಿ ಎಳೆದುಕೊಂಡು ಕೂತರು. ಅಷ್ಟು ದೊಡ್ಡ ಆಳು ಕೂತಾಗ ಡೇರೆಯೇ ಸಣ್ಣದಾದಂತಿತ್ತು. ಹೀಟರಿನ ಕಡೆ ನೋಡಿದರು. ಅದು ಆರಿತ್ತು.

“ಯುದ್ಧ ನೋಡೋಕೆ ಗುಡ್ಡದ ಮೇಲೆ ಹೋಗಿದ್ದೆ,” ಎಂದರು. “ವಾಪಸ್ ಬಂದ್ರೆ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ. ಬೈದು ಎಬ್ಬಿಸೋಣ ಅಂತ ಭುಜ ಹಿಡಿದೆ.” ತಮ್ಮ ಅಂಗೈಯನ್ನೇ ನೋಡಿಕೊಂಡರು. “ಡಾಕ್ಟರನ್ನ ಕರೆಸಿದೆ. ಡೀಸೆಲ್ ವಾಸನೆಗೆ ಅವನೂ ಹೀಟರ್ ಅಂದ. ಇಬ್ರೂ ಸೇರಿ ಹೊತ್ವಿ.”

“ಹೀಟರ್ ಸರಿಯಿಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?”

“ಹಳೇದು ಅಂತ ವರ್ಕ್‌ಶಾಪಿನವರು ಗೊಣಗಿದ್ರು. ನಮ್ಮ ಹೀಟರುಗಳು ಬರೋ ಹಡಗು ಬಂದರಲ್ಲಿ ಸಿಕ್ಕಿಹಾಕ್ಕೊಂಡಿದೆ. ಈ ದೇಶದ ವ್ಯಾಪಾರಿ ಹತ್ರ ಬಾಡಿಗೆಗೆ ತಂದೆ. ಇನ್ನೇನು ಮಾಡ್ಲಿ? ಹುಡುಗ್ರನ್ನ ಚಳೀಲಿ ಬಿಡ್ಲಾ?”

“ಸತ್ತ ಮೇಲೆ ಬಿಟ್ರಲ್ಲ.”

ಕರ್ನಲ್ ಮುಖ ಕೆಂಪೇರಿತು. ಎದ್ದು ನಿಂತರು.

“ನಾಲಿಗೆ ಬಿಗಿ ಹಿಡಿ! ನೀನು ವಿಮಾನ ಇಳಿಯುವಾಗ ಇಲ್ಲಿ ಎಲ್ಲಾ ಇತ್ತು. ನಾನು ಬಂದಾಗ ಬರೀ ಬಯಲು. ನೀರಿಗೆ ಕೊಳಾಯಿ ಇಲ್ಲ, ಊರಿಗೆ ಫೋನ್ ಇಲ್ಲ, ಹುಷಾರಿಲ್ಲ ಅಂದ್ರೆ ಮಲಗಿಸೋಕೆ ಮಂಚ ಇಲ್ಲ. ಈ ಸರ್ಕಾರದವರ ಬಾಗಿಲು ಕಾದು, ಅವರ ರೈತರ ಕಾಲು ಹಿಡಿದು, ಒಂದೊಂದು ಶೆಡ್ಡೂ ನಿಲ್ಲಿಸಿದ್ದೀನಿ. ಯಾಕೆ ಗೊತ್ತಾ? ನಮ್ಮ ದೇಶದಲ್ಲಿ ಇಂಥ ಚಳಿ ಇಲ್ಲ. ನಾಳೆ ನಿಜವಾದ ಹಿಮದಲ್ಲಿ ನಿಜವಾದ ಗುಂಡು ಹಾರಿದಾಗ, ಇಲ್ಲಿ ಕಲೀದೆ ಹೋದೋರು ಅಲ್ಲಿ ನೊಣದ ಹಾಗೆ ಸಾಯ್ತಾರೆ. ಹೀಟರಿಂದ ಹುಡುಗ ಸತ್ತ ಅಂದ್ರೆ ಇವತ್ತೇ ಈ ಶಿಬಿರ ಮುಚ್ಚಿಸ್ತಾರೆ. ಒಂದು ಜೀವ ಹೋಯ್ತು, ನಿಜ. ವಾಪಸ್ ತರೋಕಾಗಲ್ಲ. ಉಳಿದೋರ ಕಲಿಕೆಯಾದ್ರೂ ಉಳೀಲಿ ಅಂದ್ಕೊಂಡೆ. ತಪ್ಪಾ?”

ಮಾತು ಪೊಳ್ಳಾಗಿರಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು. ಸೈಕಲ್ಲಿನ ಹಿಂದೆ ಓಡಿ ಬಂದ ಆ ಮನುಷ್ಯನೇ ಈ ಮಾತಿನೊಳಗೂ ಇದ್ದ.

“ಈ ಹೀಟರ್ ಅವತ್ತೇ ಆರಿಸಿದ್ರಿ,” ಅಂದಳು ಮೆಲ್ಲಗೆ. “ಮಲಗೋ ಶೆಡ್ಡುಗಳಲ್ಲೂ ಅದೇ ವ್ಯಾಪಾರಿಯ ಹೀಟರ್‌ಗಳಿವೆ. ಅವನ್ನ ಆರಿಸಿದ್ರಾ?”

ಕರ್ನಲ್ ಬೆನ್ನು ತಿರುಗಿಸಿ ನಕ್ಷೆ ಸುತ್ತತೊಡಗಿದರು.

“ಈಗ ವಿಮಾನ ಇಳಿದ ಹುಡುಗ್ರು ಅದರ ಪಕ್ಕದಲ್ಲೇ ಮಲಗ್ತಾರೆ. ಅವರ ಕಲಿಕೆ ಉಳಿಸ್ತೀರಿ, ಅವರನ್ನ ಉಳಿಸಲ್ಲ. ಹೀಟರ್ ತೆಗೆಸಿದ್ರೆ ಯಾಕೆ ಅಂತ ಕೇಳ್ತಾರೆ, ಕೇಳಿದ್ರೆ ಹೇಳ್ಬೇಕಾಗುತ್ತೆ. ಅಷ್ಟೇ ತಾನೇ?”

“ಒಂದು ವಾರ. ಹಡಗು ಬಿಡಿಸ್ಕೊಂಡು ಎಲ್ಲಾ ಬದಲಾಯಿಸ್ತೀನಿ. ಗಾಳಿಗೆ ಬಾಗಿಲು ತೆರೆದಿಡೋಕೆ ಹೇಳಿದ್ದೀನಿ. ಸಹಿ ಹಾಕು, ಪುಟ್ಟಿ.”

“ಹಾಕಲ್ಲ.”

“ಇದು ಆರ್ಡರ್, ಮೇಜರ್.”

“ಆಯ್ತು, ಮೇಜರ್ ಆಗೇ ಹೇಳ್ತೀನಿ ಕೇಳಿ. ಹಾಕಲ್ಲ.”

“ನಿನ್ನನ್ನ ಈ ಕ್ಷಣ ಕೆಲಸದಿಂದ ಇಳಿಸ್ತೀನಿ. ಇದೇ ವಿಮಾನದಲ್ಲಿ ಮನೆಗೆ ಹೋಗ್ತೀಯ. ನಿಮ್ಮ ಅಕ್ಕನ ಮುಂದೆ ಹೋಗಿ ನಿಂತು ಏನು ಹೇಳ್ತೀಯ? ನಿನ್ನ ಗಂಡನ ಕೈಗೆ ಬೇಡಿ ಹಾಕಿಸಿ ಬಂದೆ ಅಂತೀಯಾ?”

ಅಕ್ಕನ ಮುಖ ಕಣ್ಣೆದುರು ಬಂದು ಹೋಯಿತು. ಸ್ವೆಟರಿನ ಉಣ್ಣೆಯನ್ನು ಬೆರಳುಗಳು ತಾವಾಗಿಯೇ ಬಿಗಿಯಾಗಿ ಹಿಡಿದವು.

“ಒಬ್ಬ ಅಕ್ಕನಿಗೆ ಆಗ್ಲೇ ಮಾತು ಕೊಟ್ಟಿದ್ದೀನಿ,” ಅಂದಳು. “ಎರಡನೇ ಅಕ್ಕನಿಗೆ ಏನು ಹೇಳ್ಬೇಕು ಅಂತ ಆಮೇಲೆ ಯೋಚಿಸ್ತೀನಿ. ಈಗ ನೀವು ಎರಡು ದೇಶಗಳ ನಡುವಿನ ಒಪ್ಪಂದ ನೆನಪು ಮಾಡ್ಕೊಳ್ಳಿ, ಸರ್. ನಮ್ಮ ಸೈನಿಕ ನಮ್ಮ ಕಾರಣಕ್ಕೆ ಸತ್ರೆ ತನಿಖೆ ನಮ್ಮದು. ಈ ದೇಶದವರ ವಸ್ತುವಿನಿಂದ ಸತ್ರೆ ಕೇಸು ಈ ದೇಶದ ಪೊಲೀಸರದ್ದು. ಹೀಟರ್ ಅವರದ್ದು. ಗೇಟಿಂದ ಆಚೆ ಕಾಲಿಟ್ಟು ಒಂದು ಫೋನ್ ಮಾಡಿದ್ರೆ ಸಾಕು. ವಿಮಾನ ಅಲ್ಲ, ಒಂದು ಹಕ್ಕಿಯೂ ಇಲ್ಲಿಂದ ಹಾರಲ್ಲ.”

ಕರ್ನಲ್ ಅವಳನ್ನೇ ದಿಟ್ಟಿಸಿದರು. ಆ ಕಣ್ಣುಗಳಲ್ಲಿ ಕೋಪವಿತ್ತು. ಅದರ ಹಿಂದೆ ಬೇರೆ ಏನೋ ಇತ್ತು. ತಾನು ಕಲಿಸಿದ ವಿದ್ಯೆ ತನ್ನ ಮೇಲೇ ತಿರುಗಿದಾಗ ಮೇಷ್ಟ್ರ ಕಣ್ಣಲ್ಲಿ ಕಾಣುವಂಥದ್ದು.

“ಮಾಡೇ ಮಾಡ್ತೀಯಾ?”

“ನನ್ನ ಮುಖ ನೋಡಿ ಹೇಳಿ ಭಾವ, ಮಾಡ್ತೀನೋ ಇಲ್ವೋ?”

ಹೊರಗೆ ವಿಮಾನದ ಎಂಜಿನ್ನು ಗುಡುಗಲು ಶುರುವಾಯಿತು. ಡೇರೆಯ ಬಟ್ಟೆ ನಡುಗಿತು.

ಕರ್ನಲ್ ರೇಡಿಯೋ ಎತ್ತಿಕೊಂಡರು. ದನಿ ಕಲ್ಲಿನ ಹಾಗಿತ್ತು. “ವಿಮಾನ ನಿಲ್ಲಿಸಿ. ಹೌದು, ನಾನೇ ಹೇಳ್ತಿರೋದು. ಯಾರೂ ಹತ್ತೋದು ಬೇಡ. ಶೆಡ್ಡುಗಳ ಹೀಟರುಗಳನ್ನೆಲ್ಲ ಆರಿಸಿ ಹೊರಗಿಡಿ. ಪ್ರಶ್ನೆ ಬೇಡ, ಇಡಿ.”

ಎಂಜಿನ್ನಿನ ಸದ್ದು ಇಳಿಯುತ್ತಾ ಬಂದು ನಿಂತಿತು. ಗೆದ್ದೆ ಅಂದುಕೊಂಡಳು ಮೇಜರ್. ಖುಷಿ ಮಾತ್ರ ಎಲ್ಲೂ ಇರಲಿಲ್ಲ.

*

ಪರದೆ ಸರಿಯಿತು. ದುಭಾಷಿ ಒಳಗೆ ಬಂದಳು. ಈ ನೆಲದವಳೇ. ಗಂಡನ ಕಡೆಯವರಿಂದ ಕಲಿತ ನಮ್ಮ ಭಾಷೆಯನ್ನು ಪುಸ್ತಕದ ಹಾಗೆ ಶುದ್ಧವಾಗಿ ಆಡುತ್ತಿದ್ದಳು. ಪಟ್ಟಣದಿಂದ ಓಡಿಸಿಕೊಂಡು ಬಂದ ಗಾಡಿಯ ಕೀಲಿ ಇನ್ನೂ ಕೈಯಲ್ಲೇ ಇತ್ತು. ಅವಳ ಹಿಂದೆ, ಕರೆಯದೆಯೇ ಬಂದ ಡಾಕ್ಟರ್.

“ಆಸ್ಪತ್ರೆಯವರು ಪರೀಕ್ಷೆ ಮಾಡಿದರು, ಮೇಡಂ,” ಅಂದಳು ದುಭಾಷಿ. ಕರ್ನಲ್ ಇದ್ದದ್ದನ್ನು ಕಂಡು ತಡವರಿಸಿದಳು.

“ಹೇಳಿ. ಇಲ್ಲಿ ಮುಚ್ಚಿಡೋದು ಏನೂ ಉಳಿದಿಲ್ಲ.”

“ರಕ್ತದಲ್ಲಿ ವಿಷಗಾಳಿ ಇಲ್ಲ.”

ಮೇಜರ್ ಅವಳತ್ತ ಒಂದು ಹೆಜ್ಜೆ ಇಟ್ಟಳು. “ಇಲ್ಲ ಅಂದ್ರೆ?”

“ಸ್ವಲ್ಪವೂ ಇಲ್ಲ. ನಾನು ಮತ್ತೆ ಕೇಳಿದೆ. ಅಲ್ಲಿನ ವೈದ್ಯರು ನನ್ನೆದುರಿಗೇ ಇನ್ನೊಮ್ಮೆ ನೋಡಿ ಹೇಳಿದರು. ಹೀಟರಿನಿಂದ ಈತ ಸತ್ತಿಲ್ಲ.”

ಮೊದಲು ಅಲುಗಾಡಿದವರು ಕರ್ನಲ್. ಎರಡು ದಿನದಿಂದ ಬೆನ್ನ ಮೇಲಿದ್ದ ಕಲ್ಲನ್ನು ಯಾರೋ ಇಳಿಸಿದಂತೆ ಭುಜ ಸಡಿಲವಾಯಿತು. ಮರುಗಳಿಗೆ ಕೈ ರೇಡಿಯೋ ಕಡೆ ಹೋಯಿತು.

“ಕೇಳಿಸ್ತಾ? ನಮ್ಮ ಹೀಟರ್ ಕೊಂದಿಲ್ಲ. ನಿನ್ನ ಒಪ್ಪಂದಾನೂ ಇಲ್ಲ, ಪೊಲೀಸೂ ಇಲ್ಲ. ವಿಮಾನ ಬಿಡ್ತೀನಿ.”

ಮೇಜರ್ ರೇಡಿಯೋ ಮೇಲೆ ತನ್ನ ಅಂಗೈ ಇಟ್ಟಳು.

“ಕೈ ತೆಗಿ.”

“ತೆಗೆಯಲ್ಲ. ದುಭಾಷಿ ಇನ್ನೂ ಮುಗಿಸಿಲ್ಲ.” ಅವಳ ಕಣ್ಣು ಆ ಹೆಂಗಸಿನ ಮುಖದಲ್ಲೇ ನೆಟ್ಟಿತ್ತು. “ಇನ್ನೇನೋ ಇದೆ ಅಲ್ವಾ? ಬರೀ ‘ಇಲ್ಲ’ ಅನ್ನೋಕೆ ನೀವು ಇಷ್ಟು ಬೆವರಲ್ಲ.”

ದುಭಾಷಿ ತಲೆಯಾಡಿಸಿದಳು. “ನಿದ್ದೆಯ ಔಷಧ ಇದೆ. ಬಹಳ ಇದೆ. ಅಷ್ಟು ಕುಡಿದವನು ಮಲಗುವುದಿಲ್ಲ, ಉಸಿರೇ ನಿಲ್ಲುತ್ತದೆ ಎಂದರು. ತಾನಾಗಿ ನುಂಗಿದ್ದೋ, ಯಾರಾದರೂ ಕುಡಿಸಿದ್ದೋ ಎಂದು ಅವರೇ ನನ್ನನ್ನು ಕೇಳಿದರು.”

ಮೇಜರ್ ರೇಡಿಯೋದಿಂದ ಕೈ ತೆಗೆಯಲಿಲ್ಲ.

“ಅಪಘಾತ ಅಂತ ವಿಮಾನ ನಿಲ್ಲಿಸಿದ್ದೆ, ಸರ್. ಈಗ ಕೊಲೆ ಅಂತ ನಿಲ್ಲಿಸ್ತಿದ್ದೀನಿ. ಆ ಸಾಲಲ್ಲಿ ನಿಂತಿರೋ ಒಬ್ಬನೂ ಮೆಟ್ಟಿಲು ಹತ್ತಕೂಡ್ದು. ನನ್ನನ್ನ ಕೆಲಸದಿಂದ ಇಳಿಸ್ತೀರಾ? ಇಳಿಸಿ. ಕೆಲಸ ಇಲ್ದೇನೂ ಇಲ್ಲೇ ನಿಂತಿರ್ತೀನಿ.”

ಅಷ್ಟರಲ್ಲಿ ಡಾಕ್ಟರ್ ಬಿಕ್ಕಿದ ಸದ್ದಾಯಿತು.

“ನನ್ನ ಮಾತ್ರೆಗಳು, ಮೇಡಂ.”

ಎಲ್ಲರೂ ತಿರುಗಿದರು.

“ಇಡೀ ಶಿಬಿರದಲ್ಲಿ ಆ ಔಷಧ ನನ್ನೊಬ್ಬನ ಹತ್ರವೇ ಇದ್ದದ್ದು. ಹೆಣ ಹೊತ್ತೆ, ಸುಳ್ಳು ಹೇಳ್ದೆ, ಒಪ್ಕೋತೀನಿ. ಆದ್ರೆ ಕೊಂದವನು ನಾನಲ್ಲ. ಮಾತ್ರೆ ಅವನಿಗೆ ಕೊಟ್ಟಿಲ್ಲ.”

“ಯಾರಿಗೆ ಕೊಟ್ರಿ?”

ಡಾಕ್ಟರ್ ತಲೆ ಎತ್ತಲಿಲ್ಲ. “ನಿದ್ದೆ ಬರ್ತಿಲ್ಲ ಅಂದ್ರು. ಪೂರ್ತಿ ಬಾಟಲೇ ಇಸ್ಕೊಂಡ್ರು. ಕರ್ನಲ್ ಸಾಹೇಬ್ರು.”

ಮೇಜರ್ ನಿಧಾನವಾಗಿ ಭಾವನ ಕಡೆ ತಿರುಗಿದಳು. ಗದರುತ್ತಾರೆ, ಸುಳ್ಳು ಅನ್ನುತ್ತಾರೆ, ಡಾಕ್ಟರ ಕೊರಳಪಟ್ಟಿ ಹಿಡಿಯುತ್ತಾರೆ ಎಂದುಕೊಂಡಿದ್ದಳು. ಕರ್ನಲ್ ಅದ್ಯಾವುದನ್ನೂ ಮಾಡಲಿಲ್ಲ. ಮೇಜಿನ ಅಂಚು ಹಿಡಿದುಕೊಂಡರು.

“ಕಹಿಯಾಗಿದೆ ಸರ್ ಅಂದ,” ಎಂದರು, ತಮ್ಮಷ್ಟಕ್ಕೆ.

“ಏನು ಕಹಿ?”

“ಕಾಫಿ. ಗುಡ್ಡಕ್ಕೆ ಹೊರಟಿದ್ದೆ. ಹುಡುಗ ಆಗಷ್ಟೇ ಹೊರಗಿಂದ ಬಂದು ನಡುಗ್ತಿದ್ದ. ನನ್ನ ಫ್ಲಾಸ್ಕು ಅವನ ಮುಂದಿಟ್ಟೆ. ಎಲ್ಲಾ ಕುಡ್ಕೋ, ನಂಗೆ ಬೇಡ ಅಂದೆ. ಒಂದು ಗುಟುಕು ಕುಡ್ದು ಕಹಿ ಅಂದ. ಸಕ್ಕರೆ ಹಾಕ್ಕೋ ಅಂತ ನಾನೇ ಬೈದೆ.” ಅವಳತ್ತ ತಿರುಗಿದರು. “ನಾನು ದಿನಾ ಗುಡ್ಡದ ಮೇಲೆ ಒಬ್ನೇ ಕೂತು ಕುಡಿಯೋ ಕಾಫಿ ಪುಟ್ಟಿ ಅದು. ಅದನ್ನ ಕುಡೀಬೇಕಾಗಿದ್ದವನು ನಾನು.”

ದುಭಾಷಿಯ ಕೈಯಿಂದ ಗಾಡಿಯ ಕೀಲಿ ಹಲಗೆಯ ನೆಲಕ್ಕೆ ಬಿತ್ತು.

“ಫ್ಲಾಸ್ಕಿಗೆ ಕಾಫಿ ತುಂಬಿದ್ದು ಯಾರು?” ಮೇಜರ್ ಕೇಳಿದಳು.

ಕರ್ನಲ್ ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಡೇರೆಯ ಸಣ್ಣ ಕಿಟಕಿಯತ್ತ, ಅದರಾಚೆ ವಿಮಾನದ ಮುಂದೆ ಸಾಲಾಗಿ ನಿಂತ ಬಿಳಿ ಕೋಟುಗಳತ್ತ ನೋಡಿದರು. ಮತ್ತೆ ಬಾಯಿ ಮುಚ್ಚಿಕೊಂಡರು. ಹೇಳಲು ಹೆಸರು ಇದೆ, ಹೇಳಲಾರೆ ಎಂಬಂತಿತ್ತು ಆ ಮುಖ.

ಹೇಳಲು ಹೆಸರೇ ಇಲ್ಲದವನೂ ಹೀಗೇ ಕಾಣುತ್ತಾನಲ್ಲವೇ ಎಂದು ಮೇಜರ್ ಯೋಚಿಸಿದಳು. ಬಾಟಲಿ ಇವರ ಬಳಿ ಇತ್ತು. ಫ್ಲಾಸ್ಕು ಇವರದ್ದು. ಹುಡುಗನ ಮುಂದೆ ಇಟ್ಟದ್ದು ಇವರ ಕೈ. ಹೆಣ ಹೊತ್ತದ್ದೂ ಇವರ ಹೆಗಲು.

ತನ್ನೆದುರು ನಿಂತಿರುವುದು ಕೊಲೆಗಾರನೋ, ಕೊಲೆಯಾಗಬೇಕಿದ್ದವನೋ ಅವಳಿಗೆ ತಿಳಿಯಲಿಲ್ಲ. ಒಂದಂತೂ ತಿಳಿಯಿತು. ಎರಡನೆಯದು ನಿಜವಾಗಿದ್ದರೆ, ತಪ್ಪಿದ ಗುರಿಗೆ ಮತ್ತೆ ಗುರಿಯಿಡಲು ಬೇಕಾದ ಸಮಯವನ್ನು, ವಿಮಾನ ನಿಲ್ಲಿಸಿ, ಆ ಸಾಲಿನಲ್ಲಿ ನಿಂತ ಕೊಲೆಗಾರನಿಗೆ ಅವಳೇ ಕೊಟ್ಟಿದ್ದಳು.